ಅಕ್ಕನ ಒತ್ತು

ಪ್ರೀತಿಯ ಅಕ್ಕನಿಗೆ,

ನಮ್ಮ ಬೋರ್ಡು ಬರೆಯುವ ಅಂಗಡಿಗೆ ತಂದ ಸ್ಟಿಕರ್ ಕತ್ತರಿಸುವ ಮಷಿನ್ನಿಗೆ ಆದ ಒಟ್ಟು ಖರ್ಚು: ನನ್ನ ಬಳೆಗಳು, ಎರಡು ರೋಲು ವಿನೈಲ್ ಹಾಳೆ, ಮತ್ತೆ ನೀನು. "ಕುಂಚ ಹಿಡಿಯೋಳು ಇರುವಾಗ ಇದ್ಯಾಕೆ?" ಎಂದು ಹೊರಟವಳು ನೀನು ತಿರುಗಿ ನೋಡಲಿಲ್ಲ.

ಮೊದಲು ಕತ್ತರಿಸಿದ್ದು ನಮ್ಮದೇ ಬೋರ್ಡಿನ ‘ಅಕ್ಕ ತಂಗಿ’. ಅಕ್ಷರಗಳ ಸುತ್ತಲಿನ ಬೇಡದ ಹಾಳೆ ಸುಲಿಯುವಾಗ ‘ಅಕ್ಕ’ದ ಒತ್ತೂ ಅದರ ಜೊತೆ ಎದ್ದುಹೋಗಿತ್ತು. ನೋಡದೆ ಅಂಟಿಸಿಬಿಟ್ಟೆ, ಈಗ ಬೋರ್ಡಿನಲ್ಲಿರುವುದು ‘ಅಕ ತಂಗಿ’.

ಎದುರಂಗಡಿಯ ದರ್ಜಿ ನಕ್ಕ: "ಏನಮ್ಮ, ಅಕ್ಕನಿಗೆ ಕಾಲೇ ಇಲ್ವಲ್ಲ?"

"ಇತ್ತು, ಅದಕ್ಕೇ ಹೋದ್ಲು" ಅಂದೆ. ಅವನು ನಗು ನಿಲ್ಲಿಸಿದ.

ಆ ಒತ್ತು ಬರೆಯಲು ನಿನ್ನ ಸಣ್ಣ ಕುಂಚ ಬೇಕು. ಅದೊಂದನ್ನೇ ಪಾರ್ಸೆಲ್ ಮಾಡಬೇಡ.

ಸದ್ಯದ ಲೆಕ್ಕ ಇಷ್ಟು: ದರ್ಜಿಗೆ ಒಂದು ತಮಾಷೆ, ಮಷಿನ್ನಿಗೆ ನಿನ್ನ ಮೂಲೆ, ನಿನಗೆ ನಿನ್ನ ಹಟ. ನನಗೆ ಇಡೀ ಅಂಗಡಿ.

ಇಂತಿ,
ಬೋರ್ಡಿನಲ್ಲಿ ಉಳಿದಿರುವ ತಂಗಿ