ಮುನ್ನೂರು ಗ್ರಾಂ ಕಡಿಮೆ ತೂಗಿದ ಗೆಲುವು

ಮಾನ್ಯ ತೂಕದ ಅಧಿಕಾರಿಗಳೇ,

ಮೊದಲು ಒಂದು ಅಪರಾಧವನ್ನು ಒಪ್ಪಿಕೊಂಡುಬಿಡುತ್ತೇನೆ. ಕಳೆದ ಭಾನುವಾರ ಮಧ್ಯಾಹ್ನ ತೂಕ ನೋಡಬೇಕಾದ ತಾವು ತೂಕಡಿಸುತ್ತಿದ್ದಾಗ, ರೇಸ್ ಕಾರುಗಳಿಗೆಂದೇ ಇಟ್ಟ ತಕ್ಕಡಿಯ ಮೇಲೆ ನಾನು ಅನುಮತಿಯಿಲ್ಲದೆ ಹತ್ತಿ ನಿಂತೆ. ತೊಂಬತ್ತೊಂದು ಕಿಲೋ! ಅದು ಸುಳ್ಳು ಹೇಳುತ್ತದೆಂಬ ಅನುಮಾನ ಹುಟ್ಟಿದ್ದು ಆಗಲೇ.

ಅದೇ ತಕ್ಕಡಿ ಸಂಜೆ ನನ್ನ ಅಣ್ಣನ ಮಗಳು ನೀವೆಸ್‌ಳ ಕಾರು, ಅವಳೂ ಸೇರಿ, ನಿಯಮದ ಕನಿಷ್ಠ ತೂಕಕ್ಕಿಂತ ಮುನ್ನೂರು ಗ್ರಾಂ ಕಡಿಮೆ ಎಂದಿತು. ತಾವು ಅವಳ ಗೆಲುವನ್ನು ಅಳಿಸಿದಿರಿ. ಜೊತೆಗೆ ಫಾರ್ಮುಲಾ ಫೋರ್ ಪಟ್ಟವೂ, ಪಟ್ಟ ಗೆದ್ದವರಿಗೆಂದೇ ಮೀಸಲಾದ ಮೇಲಿನ ದರ್ಜೆಯ ಸೀಟೂ ಹೋದವು. ಎಂಟನೇ ವಯಸ್ಸಿಗೆ ಕಾರ್ಟ್ ಎಂಬ ಪುಟ್ಟ ರೇಸ್ ಬಂಡಿ ಹತ್ತಿದವಳ ಒಂಬತ್ತು ವರ್ಷ ಮುನ್ನೂರು ಗ್ರಾಮಿಗೆ ಸಮವೇ? ಅಷ್ಟು ಹ್ಯಾಮ್ ಮಾಂಸ ಸುತ್ತಿಕೊಡಲೂ ನಮ್ಮೂರ ಅಂಗಡಿಯವನು ಎರಡು ಸಲ ತೂಗುತ್ತಾನೆ.

"ಇನ್ನೊಂದ್ ಸಲ ತೂಗಿ ಸಾರ್" ಎಂದೆ.

"ತೂಗಿದ್ದು ತೂಗಿದ್ದೇ ಕಣಯ್ಯಾ. ಹುಡುಗೀಗೆ ಚೆನ್ನಾಗಿ ಪಾಸ್ತಾ ತಿನ್ಸು, ಮುಂದಿನ್ ವರ್ಷ ಸರಿಹೋಗುತ್ತೆ" ಎಂದಿರಿ.

ಇಷ್ಟು ಹಗುರವಾದ ಮಾತನ್ನು ಯಾವ ತಕ್ಕಡಿಯಲ್ಲಿ ತೂಗಲಿ? ಆ ಸೀಟೇನು ಗಂಟೆಗೊಮ್ಮೆ ಬರುವ ರೈಲೇ? ಪಕ್ಕದಲ್ಲೇ ನಿಂತಿದ್ದ ನೀವೆಸ್, "ಬಿಡು ಚಿಕ್ಕಪ್ಪ, ಎರಡನೇದು ಅನ್ನೋದು ನಮ್ಮನೆ ಹೆಸ್ರೇ ಅಲ್ವಾ?" ಎಂದಳು. ನನ್ನ ಹೆಸರು ಸೆಕೊಂಡೊ, ನಮ್ಮ ಇಟಾಲಿಯನ್ ಭಾಷೆಯಲ್ಲಿ ಎರಡನೆಯವನೆಂದೇ ಅರ್ಥ. ನಗಲು ಹೋದಳು, ಆಗಲಿಲ್ಲ. ತೆಗೆದಿದ್ದ ಹೆಲ್ಮೆಟ್ಟನ್ನು ಮತ್ತೆ ಹಾಕಿಕೊಂಡು ವ್ಯಾನಿನಲ್ಲಿ ಕೂತುಬಿಟ್ಟಳು.

ನಾನು ಮೂವತ್ತೊಂದು ವರ್ಷದಿಂದ ರೇಸ್ ಕಾರುಗಳ ಮೆಕ್ಯಾನಿಕ್. ತೂಕದಲ್ಲಿ ನನ್ನ ಕೈ ಒಮ್ಮೆಯೂ ತಪ್ಪಿಲ್ಲ. ಗೆಲುವಿನ ಗೆರೆ ದಾಟಿದ ಮೇಲಿನ ನಿಧಾನದ ಸುತ್ತಿನಲ್ಲಿ ಅಂಚಿಗೆ ಹೋಗಿ, ಅಲ್ಲಿ ಬಿದ್ದ ರಬ್ಬರ್ ಚೂರುಗಳನ್ನು ಬಿಸಿ ಟೈರಿಗೆ ಅಂಟಿಸಿಕೊಂಡು ಸವೆದ ತೂಕ ತುಂಬಿಕೊಳ್ಳಬೇಕೆಂದು ಅವಳಿಗೆ ಕಲಿಸಿದವನೇ ನಾನು. ಅಂದೂ ಅವಳು ಜನರಿಗೆ ಕೈ ಬೀಸುವುದನ್ನೂ ಬಿಟ್ಟು ಬೀದಿ ಗುಡಿಸುವವಳಂತೆ ಗುಡಿಸಿಕೊಂಡು ಬಂದಳು. ಆಮೇಲೂ ಕಡಿಮೆಯೆಂದರೆ, ತಪ್ಪು ತಮ್ಮ ತಕ್ಕಡಿಯದಲ್ಲದೆ ಇನ್ನಾರದು?

ಬರೆಯುತ್ತ ಬರೆಯುತ್ತ ಈ ಅರ್ಜಿ ಇಲ್ಲಿಗೆ ಬಂದಾಗ ನನ್ನ ಹೆಂಡತಿ ಅರ್ಜಿಯಾ ಬಂದಳು, ಒಗೆಯಬೇಕಿದ್ದ ನನ್ನ ಜಾಕೆಟ್ ಹಿಡಿದು.

"ಏನ್ರೀ ಇದು, ಜೇಬಲ್ಲಿ ಇಲಿ ಸತ್ತಿದ್ಯಾ?"

ಮೇಜಿನ ಮೇಲೆ ಸುರಿದಳು. ಕಪ್ಪು ರಬ್ಬರ್ ಉಂಡೆಗಳು. ಅಡುಗೆಮನೆಯ ತಕ್ಕಡಿಯಲ್ಲಿ ಮುನ್ನೂರ ನಲವತ್ತು ಗ್ರಾಂ. ಅರ್ಜಿಯಾ ಎರಡು ಸಲ ತೂಗಿದಳು.

ಅಭ್ಯಾಸದ ಓಟಗಳಾದ ಮೇಲೆ ಟೈರು ಕೆರೆದು ಚೊಕ್ಕ ಮಾಡುವುದು ನಮ್ಮ ಕಸುಬು. ತೂಕದ ಸರದಿಯಲ್ಲಿ ಅವಳ ಕಾರಿನ ಪಕ್ಕ ಆನಂದಕ್ಕೆ ಅಳುತ್ತ ನಿಂತಿದ್ದಾಗ, ಕೈ ತನ್ನ ಪಾಡಿಗೆ ಟೈರು ಕೆರೆದು ಜೇಬು ತುಂಬಿಕೊಂಡಿತ್ತು. ಆ ಸರದಿಗೆ ಕಾವಲಿರಬೇಕಾದವರು ತಾವು. ತಮ್ಮ ಕಣ್ಣು ಎಲ್ಲಿತ್ತು?

ಆದ್ದರಿಂದ ನನ್ನ ಬೇಡಿಕೆ ಕರಗಿಲ್ಲ, ಭಾರವಾಗಿದೆ. ಗೆರೆ ದಾಟಿ ಬರುವಾಗ ಏನು ಬೇಕಿತ್ತೋ ಅದನ್ನೆಲ್ಲ ಹುಡುಗಿ ಮಾಡಿದ್ದಾಳೆ. ಉಂಡೆಗಳನ್ನು ಈ ಪತ್ರದ ಪ್ರತಿಯೊಂದಿಗೆ ತಮ್ಮ ಕಚೇರಿಗೆ ಕಳಿಸಿದ್ದೇನೆ. ಕಾರಿನ ಮೇಲಿಟ್ಟು ಮತ್ತೆ ತೂಗಿ. ಶುಕ್ರವಾರ ಸೀಟು ಹಂಚುವ ಮೊದಲು ಅವಳ ಗೆಲುವು ಅವಳಿಗೆ ಕೊಡಿ, ಶಿಕ್ಷೆ ನನಗೆ ಕೊಡಿ.

ಇದೆಲ್ಲ ಪತ್ರಿಕೆಯಲ್ಲೇ ಏಕೆ ಎನ್ನುವಿರಾ? ಪತ್ರಿಕೆಯನ್ನು ನೀವೆಸ್ ಓದುತ್ತಾಳೆ; ಅವಳಿಗೆ ಎದುರು ನಿಂತು ಹೇಳುವ ಧೈರ್ಯ ನನಗಿಲ್ಲ.

ಇಂತಿ,
ತಪ್ಪದ ಕೈಯವನು,
ಸೆಕೊಂಡೊ, ಫಯೆಂಜಾ