ಹೊಗೆ ಹಿಡಿದ ಜಂತೆಗಳು

ತೊರೆದಂಡೆಯ ಬಾಡಿಗೆ ಗೂಡು, ಸಫೋಕ್
14 ನವೆಂಬರ್ 1972

ಗಾಡ್‌ಬೋಲ್ಡ್ ತೋಟದಮನೆಯ ಏಕಮಾತ್ರ ಒಡೆಯನೂ, ಇಪ್ಪತ್ತಾರು ವರ್ಷ ನನಗೆ ಗಂಡನೂ ಆಗಿದ್ದ ಆಂಬ್ರೋಸ್ ಗ್ಯಾರಡ್‌ಗೆ ಥರ್ಜಾಳ ನಮಸ್ಕಾರ! ಕುರ್ಚಿ ಎಳೆದುಕೊಂಡು ಕೂತೇ ಓದು. ನಿಂತು ಓದುವ ಕಾಗದವಲ್ಲ ಇದು.

ಹಳೆಕಟ್ಟಡಗಳ ಕಚೇರಿಯ ಆದೇಶ ನಿನ್ನ ಕೈ ಸೇರಿರಬೇಕು. ಮನೆ ಕೆಡವುವಂತಿಲ್ಲ. ಒಂದು ತೊಲೆ ಕೊಯ್ಯುವಂತಿಲ್ಲ, ಒಂದು ಕಿಟಕಿ ಹಿಗ್ಗಿಸುವಂತಿಲ್ಲ, ಗೋಡೆಯ ಮಣ್ಣು ಉದುರಿದರೆ ಸಿಮೆಂಟು ತಾಕಿಸುವಂತಿಲ್ಲ. ನನ್ನ ಜಾಗಕ್ಕೆ ನೀನು ತಂದ ಡಲ್ಸಿಗೆಂದು ಅದೇ ಜಾಗದಲ್ಲಿ ಎಬ್ಬಿಸಲಿದ್ದ ಗಾಜಿನ ಕಿಟಕಿಗಳ ಬಂಗಲೆ ಹೋಯಿತು, ಮಣ್ಣುಪಾಲಾಯಿತು! "ಯಾವ ಪಾಪಿ ಮಾಡಿದ ಕೆಲಸ ಇದು?" ಎಂದು ನೀನು ಹೆಂಡದಂಗಡಿಯಲ್ಲಿ ಮೇಜು ಗುದ್ದಿದೆಯಂತೆ. ಗುದ್ದುವುದಾದರೆ ನಿನ್ನ ಎದೆಗೇ ಗುದ್ದಿಕೋ. ಆ ಪಾಪಿ ನೀನೇ. ನಾನು ಬರೀ ಲೇಖನಿ ಹಿಡಿದವಳು.

ಏಪ್ರಿಲ್ ತಿಂಗಳ ಆ ಬೆಳಿಗ್ಗೆ ನೆನಪಿದೆಯೇ? ನನ್ನ ಪೆಟ್ಟಿಗೆಯನ್ನು ನೀನು ಅಂಗಳಕ್ಕೆ ತಂದಿಟ್ಟು ಆಳುಗಳೆಲ್ಲ ಕೇಳುವಂತೆ ಕೂಗಿದೆ: "ಏ ಥರ್ಜಾ, ಬಡಗಿ ಮಗಳೇ, ಈ ಮನೇಲಿ ಒಂದು ಬೆಣೆನಾದ್ರೂ ನಿಂದೈತೇನೇ?" ಹದಿನಾರು ಚಳಿಗಾಲ ನಿನ್ನಮ್ಮನ ಹಾಸಿಗೆ ಬದಲಿಸಿದವಳು ನಾನು. ಬಡಗಣ ಗೋಡೆ ಬಿದ್ದಾಗ ಹೇಸಲ್ ಕಡ್ಡಿ ಹೆಣೆದು, ಸಗಣಿ ಮಣ್ಣು ಕಲಸಿ ಮೆತ್ತಿದವಳು ನಾನು. ಅಡುಗೆಮನೆಯ ತೊಲೆ ಕುಸಿದಾಗ ನನ್ನಪ್ಪನ ಉಳಿ ಹಿಡಿದು ಓಕ್ ಬೆಣೆ ಕೆತ್ತಿ ಬಡಿದವಳೂ ನಾನೇ. ಅವತ್ತು ನಾನು ಬಾಯಿ ಬಿಡಲಿಲ್ಲ. ಹಸಿ ಓಕ್ ಮರ ಕೂಡ ಬಾಯಿ ಬಿಡುವುದಿಲ್ಲ, ಆಂಬ್ರೋಸ್. ಒಣಗುತ್ತ ಒಣಗುತ್ತ ಬೆಣೆಯನ್ನು ಕಚ್ಚಿ ಹಿಡಿಯುತ್ತದೆ ಅಷ್ಟೆ.

ಜೂನ್‌ನಲ್ಲಿ ನೀನು ಬಂದೆ. ಆಹಾ, ಏನು ಪ್ರವೇಶ! ಹೊರಹಾಕಿದ ಹೆಂಡತಿಯ ಬಾಗಿಲಿಗೆ, ಮನೆ ಕೆಡವುವ ಅರ್ಜಿ ಬರೆಸಿಕೊಳ್ಳಲು! ನಿನ್ನ ಬರವಣಿಗೆ ಕೋಳಿ ಕೆದರಿದ ಹಾಗೆ. ಬೀಜದ ಅಂಗಡಿಯಿಂದ ಬಿಷಪ್ಪರವರೆಗೆ ನಿನ್ನ ಕಾಗದಗಳನ್ನೆಲ್ಲ ಬರೆದದ್ದು ನಾನು. ಡಲ್ಸಿ ಕಾರಿನಲ್ಲೇ ಕೂತು ತುಟಿಗೆ ಬಣ್ಣ ಬಳಿದುಕೊಳ್ಳುತ್ತಿದ್ದಳು. ನೀನು ಬೂಟುಗಾಲಲ್ಲೇ ಒಳಗೆ ಬಂದು ಹೇಳತೊಡಗಿದೆ: "ಬರಕೋ. ನಮ್ಮ ಮುತ್ತಾತ ಕಟ್ಸಿದ್ದು, ಇಟ್ಟಿಗೆ ಮನೆ, ನೂರು ವರ್ಷನೂ ಆಗಿಲ್ಲ. ಕೆಡವೋಕೆ ಏನಡ್ಡಿ?" ಬರೆದೆ. "ಇನ್ನೂ ಬರಿ. ಅಟ್ಟದ ಜಂತೆಗಳೆಲ್ಲ ಈ ತುದಿಯಿಂದ ಆ ತುದಿಗಂಟ ಹೊಗೆ ಹಿಡಿದು ಕರ್ರಗಾಗವೆ. ಒಂದೂ ಕೆಲಸಕ್ಕೆ ಬರಲ್ಲ."

ಲೇಖನಿ ನಿಂತಿತು. ನಿನ್ನ ಮುಖ ನೋಡಿದೆ. "ಇದನ್ನೂ ಬರೀಲಾ?" ಎಂದು ಕೇಳಿದೆ. ಕೇಳಿದೆನೋ ಇಲ್ಲವೋ, ನೀನೇ ಹೇಳು! "ಬರಿ ಅಂದ್ರೆ ಬರಿ, ನಿನ್ನನ್ಯಾರು ಬುದ್ಧಿ ಕೇಳಿದ್ರು?" ಎಂದು ನೀನು ಗದರಿದೆ. ನನ್ನ ಅತಿ ಸುಂದರ ಅಕ್ಷರದಲ್ಲಿ ಬರೆದು ಕೆಳಗೆ ಗೆರೆ ಎಳೆದೆ.

ಬಡಗಿ ಮಗಳಿಗೆ ಗೊತ್ತಿದ್ದು ನಿನಗೆ ಗೊತ್ತಿರಲಿಲ್ಲ. ನಿನ್ನ ಹೊಗೆಗೂಡು ಇರುವುದು ಮೂಡಣ ತುದಿಯಲ್ಲಿ. ಅದು ಎಷ್ಟೇ ಸೋರಲಿ, ಪಡುವಣ ತುದಿಯ ಜಂತೆಗೆ ಮಸಿ ಹಿಡಿಯುವುದು ಹೇಗೆ? ಹೊಗೆಗೂಡು ಎಂಬುದೇ ಇಲ್ಲದ ಕಾಲದಲ್ಲಿ, ಸೂರಿನವರೆಗೂ ತೆರೆದಿದ್ದ ದೊಡ್ಡ ಕೋಣೆಯ ನಟ್ಟನಡುವೆ ನೆಲದ ಮೇಲೆ ಉರಿಯುತ್ತಿದ್ದ ಒಲೆಯ ಮಸಿ ಅದು. ಐನೂರು ವರ್ಷದ ಮಸಿ! ನಿನ್ನ ಮುತ್ತಾತ ಕಟ್ಟಿಸಿದ್ದು ಮುಂಭಾಗದ ಇಟ್ಟಿಗೆಯ ಮುಖವಾಡವೊಂದನ್ನೇ.

ಆ ಸಾಲು ಓದಿದ ದಿನವೇ ಹಳೆಕಟ್ಟಡಗಳ ಕಚೇರಿಯ ಅಧಿಕಾರಿಣಿ ಮಿಸ್ ಪ್ರೈಕ್ ಮೋಟಾರ್‌ಸೈಕಲ್ ಏರಿ ಹೊರಟರಂತೆ. ಅರ್ಜಿಯ ಅಕ್ಷರ ಯಾರದೆಂದು ಊರಲ್ಲಿ ವಿಚಾರಿಸಿ ನನ್ನನ್ನೂ ಕರೆದೊಯ್ದರು. ನೀನು ಏಣಿ ಹಿಡಿದುಕೊಂಡು ನಗುತ್ತಿದ್ದೆ: "ನೋಡ್ಕಳಿ ಮೇಡಂ, ಬರೀ ಇದ್ದಿಲು!" ಅವರು ಟಾರ್ಚ್ ಬಿಟ್ಟರು. ಕರಿಯ ಜಂತೆಗಳ ನಡುವೆ, ಅಡ್ಡತೊಲೆಯ ಮೇಲೆ, ನಾಲ್ಕೂ ಕಡೆಗೆ ತೋಳು ಚಾಚಿ ನಿಂತಿತ್ತು, ಸೂರನ್ನು ಹೊತ್ತ ಆ ಕಾಲದ ನಡುಗಂಬ. ಮರಕ್ಕೆ ಮರ ಸೇರುವ ಒಂದೊಂದು ಕಚ್ಚಿನ ಪಕ್ಕದಲ್ಲೂ ಅಂದಿನ ಬಡಗಿ ಗೀರಿದ ಗುರುತು. ಮಿಸ್ ಪ್ರೈಕ್ ಟೋಪಿ ತೆಗೆದರು. "ಅಯ್ಯೋ ದೇವರೇ, ಎಂಥಾ ಚೆಲುವೆ ಇವಳು" ಎಂದರು ಮೆಲ್ಲಗೆ. ನಿನ್ನ ನಗು ಏಣಿಯ ಬುಡದಲ್ಲೇ ಸತ್ತಿತು.

ಮುಂದಿನ ತಿಂಗಳು ಆ ಚೆಲುವೆ ಮನೆಗೊಂದು ಫಲಕ ಹಾಕುತ್ತಾರಂತೆ. ಬಾಳು, ಆಂಬ್ರೋಸ್! ಆ ಹೆಣೆದ ಗೋಡೆಗಳ ನಡುವೆ, ಗೋಲಿ ಬಿಟ್ಟರೆ ತಾನೇ ಉರುಳುವ ಆ ನೆಲದ ಮೇಲೆ, ಡಲ್ಸಿಯೊಡನೆ ನೂರ್ಕಾಲ ಬಾಳು!

ಇಂತಿ,
ಆ ಮನೆಯಲ್ಲಿ ಒಂದು ಬೆಣೆಯೂ ತನ್ನದಲ್ಲದ
ಥರ್ಜಾ

ತಾ.ಕ.: ಡಲ್ಸಿ ಮಾಂಸದಂಗಡಿಯಲ್ಲಿ ಹೇಳುತ್ತಿದ್ದಳು: "ಮನೆ ಹೋದ್ರೆ ಹೋಗ್ಲಿ ಬಿಡ್ರೀ, ಕಣಜ ಕೆಡವಿ ಅಲ್ಲೇ ಕಟ್ತಾರೆ ನಮ್ಮೋರು." ನಿನ್ನ ಜಮೀನಿನಲ್ಲಿ ಜೌಗಿಲ್ಲದ ಜಾಗ ಅದೊಂದೇ ಉಳಿದಿದೆ, ಬಲ್ಲೆ. ಆದೇಶದ ಸುದ್ದಿ ಹೇಳಲು ಇಲ್ಲಿಗೆ ಬಂದಿದ್ದ ಮಿಸ್ ಪ್ರೈಕ್, ಹೊರಡುವಾಗ ಆ ಕಣಜ ಎಷ್ಟು ಹಳೆಯದೆಂದು ಕೇಳಿದರು. ಗೊತ್ತಿಲ್ಲವೆಂದುಬಿಟ್ಟೆ. ಮನೆಗಿಂತ ನೂರು ವರ್ಷ ಹಿರಿದು ಅದು. ನಾನೇಕೆ ಸುಳ್ಳಾಡಿದೆನೋ ನನಗೇ ತಿಳಿಯದು. ಮೂರು ದಿನದಿಂದ ನನ್ನನ್ನು ನಾನೇ ಬೈದುಕೊಳ್ಳುತ್ತಿದ್ದೇನೆ. ಸೋಮವಾರ ಅವರು ಮತ್ತೆ ಬರುತ್ತಾರೆ. ಭಾನುವಾರ ನಾಲ್ಕು ಗಂಟೆಗೆ ನೀನೊಬ್ಬನೇ ಬಂದು, ಅಂಗಳದಲ್ಲಿ ಕೂಗಿದ ಮಾತನ್ನು ಹಿಂದಕ್ಕೆ ತೆಗೆದುಕೋ. ಕಣಜದ ವಯಸ್ಸು ಅವರಿಗೆ ಹೇಳುವುದೋ ಬಿಡುವುದೋ ಆಮೇಲೆ ನೋಡೋಣ. ಈ ಗೂಡಿನ ಬಾಗಿಲು ಬಹಳ ತಗ್ಗು. ತಲೆ ಬಾಗಿಸಿಯೇ ಒಳಗೆ ಬರಬೇಕು.