ಕಪ್ಪು ಕೈಯ ಬಾಳೆಕಾಯಿ ಬಜ್ಜಿ

ಹೊನ್ನಾಳಿ, ೧೯೭೯

ಅವ್ವಾ,

ನಿನ್ನ ಸುಳ್ಳು ಇವತ್ತು ಎಣ್ಣೆಗೆ ಬಿತ್ತು! ಹೆಣ್ಣು ನೋಡಲು ಬಂದವರಿಗೆ ಬಾಳೆಕಾಯಿ ಬಜ್ಜಿ ಕೊಟ್ಟು "ನಮ್ಮ ಹುಡುಗೀನೇ ಮಾಡಿದ್ದು" ಅಂದಿದ್ದೆಯಲ್ಲ, ಅತ್ತೆ ಅದನ್ನೇ ಮಾಡು ಎಂದರು. ಕಾನ್ವೆಂಟಿನಲ್ಲಿ ಕೇಕ್ ಕಲಿಸಿದ್ದರು; ಬಾಳೆಕಾಯಿ ಹೆಚ್ಚುವ ಮುಂಚೆ ಕೈಗೆ ಎಣ್ಣೆ ಸವರಬೇಕೆಂದು ಯಾರೂ ಹೇಳಿರಲಿಲ್ಲ. ಸೊನೆ ಅಂಟಿ ಎರಡೂ ಕೈ ಮಸಿ! ಸಿಕ್ಕಿಬಿದ್ದರೆ ನಿನ್ನ ಮಾನ ಹೋಗುತ್ತದೆಂದು, ಕೈಗೆ ಸೆರಗು ಸುತ್ತಿಕೊಂಡೇ ಬಜ್ಜಿ, ಹುಣಸೆ ಚಟ್ನಿ ಬಡಿಸಿದೆ.

ಅತ್ತೆ ಚಟ್ನಿಗೆ ಅದ್ದಿ ತಿಂದರು. ಸೆರಗು ಸರಿಸಿ ನೋಡಿ ನಕ್ಕೇಬಿಟ್ಟರು.

"ಮೊದಲ್ನೇ ಸಲ ಮಾಡಿದ್ದು ಅಲ್ಲೇನೇ? ನಂಗೆ ಅವತ್ತೇ ಗೊತ್ತಿತ್ತು ಬಿಡು. ನನ್ನ ನೋಡಾಕೆ ಬಂದಾಗ ನಮ್ಮವ್ವನೂ ಹಿಂಗೇ ಹೇಳಿದ್ಲು!"

ನಿನ್ನ ಕೊನೆಯ ದಿನವೂ ಆಸ್ಪತ್ರೆಯಲ್ಲಿ "ಅವರಿಗೆ ಗೊತ್ತಾದ್ರೆ ಹೆಂಗೇ?" ಅಂತ ಕೊರಗಿದೆಯಲ್ಲ, ಅವ್ವಾ. ಅತ್ತೆ ಇನ್ನೊಂದು ತಟ್ಟೆ ಹಾಕಿಸಿಕೊಂಡರು.